ಸಾಗವಾನಿ ಹೊದಿಕೆ, 18 ಗೇಜಿನ ಚೌಕಟ್ಟು: ಹುಬ್ಬಳ್ಳಿಯಲ್ಲಿ ಕಟ್ಟಿದ ಒಂದು ಕಂಪ್ಯೂಟರ್ ಕ್ಯಾಬಿನೆಟ್

ಹೊರಗಿನಿಂದ ನೋಡುವವರಿಗೆ ಇದು ಸಾಗವಾನಿಯ ಪೆಟ್ಟಿಗೆಯಾಗಿ ಕಾಣುತ್ತದೆ. ಒಳಗೆ ಮಾತ್ರ 18 ಗೇಜಿನ, ಅಂದರೆ ಸುಮಾರು 1.2 ಮಿ.ಮೀ. ದಪ್ಪದ ಸಿ.ಆರ್. (ಕೋಲ್ಡ್ ರೋಲ್ಡ್ ಉಕ್ಕಿನ) ತಗಡಿನ ಪೂರ್ಣ ಚೌಕಟ್ಟಿದೆ. ಮದರ್‌ಬೋರ್ಡ್, ಎಸ್‌ಎಂಪಿಎಸ್ (ಮನೆಯ ವಿದ್ಯುತ್ತನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸುವ ಘಟಕ), ಫ್ಯಾನುಗಳೆಲ್ಲ ಆ ತಗಡಿನ ಮೇಲೆಯೇ ಕೂತಿದ್ದು, ಅವುಗಳಲ್ಲಿ ಒಂದೂ ಕಟ್ಟಿಗೆಗೆ ತಾಗುವುದಿಲ್ಲ. ಪೂರ್ತಿ ಕಟ್ಟಿಗೆಯಲ್ಲೇ ಮಾಡಿದ್ದರೆ ಕೆಲಸ ಬಹಳಷ್ಟು ಕಡಿಮೆಯಾಗುತ್ತಿತ್ತು. ಕಟ್ಟಿಗೆಯಲ್ಲಿ ವಿದ್ಯುತ್ತು ಹಾಯುವುದಿಲ್ಲವಾದ್ದರಿಂದ ಅದೇ ಹೆಚ್ಚು ಸುರಕ್ಷಿತ ಎಂದು ಸಲಹೆ ಕೊಟ್ಟವರೂ ಇದ್ದರು. ಆ ಸಲಹೆ ತಪ್ಪು. ಕಂಪ್ಯೂಟರಿನ ಎಸ್‌ಎಂಪಿಎಸ್ ತನ್ನ ಲೋಹದ ಕವಚವನ್ನು ಮೂರು ಪಿನ್ನಿನ ಪ್ಲಗ್ಗಿನ ಮೂಲಕ ಅರ್ಥಿಂಗಿಗೆ ಜೋಡಿಸಿಕೊಂಡೇ ಕೆಲಸ ಮಾಡುವ ಸಾಧನ. ಮಾಮೂಲಿ ಕ್ಯಾಬಿನೆಟ್ಟಿನಲ್ಲಿ ಅದರ ನಾಲ್ಕು ಸ್ಕ್ರೂಗಳ ಮೂಲಕ ಇಡೀ ತಗಡಿಗೆ ಆ ಅರ್ಥಿಂಗ್ ಹರಡುತ್ತದೆ. ಒಳಗೆ ಎಲ್ಲಿಯಾದರೂ 230 ವೋಲ್ಟಿನ ತಂತಿ ಕಳಚಿ ಲೋಹಕ್ಕೆ ತಾಗಿದರೆ ಫ್ಯೂಸ್ ಹೋಗುತ್ತದೆ ಇಲ್ಲವೆ ಎಂಸಿಬಿ (ವಿದ್ಯುತ್ತನ್ನು ತಾನೇ ಕಡಿಯುವ ಸ್ವಿಚ್ಚು) ಬೀಳುತ್ತದೆ. ಬರಿಯ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಈ ದಾರಿ ಇರುವುದಿಲ್ಲ, ಆದರೆ ಕೈಗೆ ತಾಗುವ ಸ್ಕ್ರೂ, ಹಿಡಿಕೆ, ಫ್ಯಾನಿನ ಜಾಲರಿ ಇದ್ದೇ ಇರುತ್ತವೆ. ಬೆಂಕಿಯ ವಿಷಯದಲ್ಲಿಯೂ ಅಷ್ಟೆ: ಒಳಗೆ ಕಿಡಿ ಹಾರಿದರೆ ತಗಡು ಅದನ್ನು ತಡೆಯುತ್ತದೆ, ಹಲಗೆ ಅದಕ್ಕೆ ಉರುವಲಾಗುತ್ತದೆ. ಆದ್ದರಿಂದ ಈ ಕೆಲಸವನ್ನು ನಾನು ಮೊದಲು ಅರ್ಥಿಂಗಿನ ಕೆಲಸ, ಆಮೇಲೆ ಗಾಳಿಯ ಕೆಲಸ, ಕೊನೆಗೆ ಬಡಿಗತನ ಎಂದು ಎಣಿಸಿಕೊಂಡೆ.

ಅಳತೆಗಳಲ್ಲಿ ಹೆಚ್ಚಿನವು ನಮ್ಮ ಇಚ್ಛೆಗೆ ಬಿಟ್ಟವಲ್ಲ. ಇಂಟೆಲ್ ಸಂಸ್ಥೆ 1995ರಲ್ಲಿ ಹೊರತಂದ ಎಟಿಎಕ್ಸ್ ಎಂಬ ಮದರ್‌ಬೋರ್ಡ್, ಕ್ಯಾಬಿನೆಟ್ ಅಳತೆಗಳ ವಿನ್ಯಾಸವೇ ಇಂದಿಗೂ ನಡೆಯುತ್ತಿದೆ. ಪೂರ್ಣ ಎಟಿಎಕ್ಸ್ ಬೋರ್ಡ್ 305 × 244 ಮಿ.ಮೀ., ಮೈಕ್ರೋ ಎಟಿಎಕ್ಸ್ 244 × 244, ಮಿನಿ ಐಟಿಎಕ್ಸ್ 170 × 170. ನನ್ನದು ಮೈಕ್ರೋ ಎಟಿಎಕ್ಸ್. ಅದರ ಜೊತೆಗೆ 150 ಮಿ.ಮೀ. ಅಗಲ, 86 ಮಿ.ಮೀ. ಎತ್ತರ, 140 ಮಿ.ಮೀ. ಉದ್ದದ ಸಾಮಾನ್ಯ ಎಸ್‌ಎಂಪಿಎಸ್ ಮತ್ತು 155 ಮಿ.ಮೀ. ಎತ್ತರದ ಸಿಪಿಯು ಕೂಲರ್ ಇವೆ. ಕೂಲರಿನ ಎತ್ತರ, ಬೋರ್ಡಿನ ಕೆಳಗಿನ ಸಂದು, ಕೇಬಲ್ ಹಾಯಿಸಲು ತಗಡಿನ ಹಿಂದೆ 20 ಮಿ.ಮೀ. ಜಾಗ, ಇವೆಲ್ಲ ಸೇರಿ ಒಳ ಅಗಲ 190 ಮಿ.ಮೀ. ಆಯಿತು, ಎತ್ತರ 380, ಉದ್ದ 400. ಈ 190ರ ಅಗಲದಿಂದ ಹಿಂಬದಿಗೆ 120 ಮಿ.ಮೀ. ಫ್ಯಾನ್ ಕೂರದಾಯಿತು. ತಗಡಿನ ಹಿಂದಿನ ಜಾಗವನ್ನೂ ಬೋರ್ಡಿನ ಕೆಳಗಿನ ಸಂದನ್ನೂ ಕಳೆದು, ಬೋರ್ಡಿನ ಕಿಂಡಿಗಳ (ಹೊರಗಿನ ಕೇಬಲ್ ಸಿಕ್ಕಿಸುವ ಪೋರ್ಟುಗಳ) ಕಿಟಕಿಗೆ 44.45 ಮಿ.ಮೀ. ಬಿಟ್ಟ ಮೇಲೆ ಪಕ್ಕದಲ್ಲಿ ಉಳಿಯುವುದು 118 ಮಿ.ಮೀ. ಮಾತ್ರ. ಹೀಗಾಗಿ ಹಿಂದೆ 92 ಮಿ.ಮೀ. ಫ್ಯಾನ್ ಒಂದು, ಮುಂದೆ 140 ಮಿ.ಮೀ. ಫ್ಯಾನ್ ಎರಡು ಎಂದು ನಿರ್ಧರಿಸಿದೆ. ಹೊರಹೋಗುವ ಗಾಳಿಗಿಂತ ಒಳಬರುವ ಗಾಳಿ ಹೆಚ್ಚಾಗುವುದು ನಮ್ಮ ಊರಿಗೆ ಹೇಗೂ ಒಳ್ಳೆಯದು. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಕಟ್ಟಿಗೆ ಸಿಕ್ಕಿದ್ದು ಕೆಡವಿದ ಮನೆಗಳ ಬಾಗಿಲು, ತೊಲೆ ಮಾರುವ ಅಡ್ಡೆಯಲ್ಲಿ. ಹಳೆಯ ಸಾಗವಾನಿ ಚೆನ್ನಾಗಿ ಒಣಗಿರುತ್ತದೆ, ಬಾಗುವುದು ಕಡಿಮೆ, ಬೆಲೆಯೂ ಹೊಸದಕ್ಕಿಂತ ಇಳಿದಿರುತ್ತದೆ. ಆದರೆ ಅದರಲ್ಲಿ ಎರಡು ಅಪಾಯಗಳಿವೆ. ಒಂದು, ಒಳಗೆ ಮುರಿದು ಉಳಿದ ಮೊಳೆ. ರಂದಾ ಹೊಡೆಯುವ ಮೊದಲು ಬಲವಾದ ಅಯಸ್ಕಾಂತವನ್ನು ಹಲಗೆಯ ಉದ್ದಕ್ಕೂ ಸರಿಸಿ ನೋಡಬೇಕು. ವೃತ್ತಾಕಾರದ ಗರಗಸದ ಹಲ್ಲಿಗೆ ಮೊಳೆ ಸಿಕ್ಕರೆ ಚೂರು ನೇರವಾಗಿ ಮುಖಕ್ಕೆ ಹಾರುತ್ತದೆ. ಇನ್ನೊಂದು, ಹಳೆಯ ಬಣ್ಣ. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮ 2016ರಲ್ಲಿ ಹೊರಬಿದ್ದು, 2017ರ ನವೆಂಬರಿನಿಂದ ಜಾರಿಗೆ ಬಂತು. ಅದಕ್ಕೂ ಹಿಂದಿನ ಬಾಗಿಲಿನ ಬಣ್ಣದಲ್ಲಿ ಸೀಸವಿದೆ ಎಂದೇ ಭಾವಿಸಿ ನಡೆಯುವುದು ಕ್ಷೇಮ. ಅಂಥ ಹಲಗೆಯನ್ನು ಒಣದಾಗಿ ಉಪ್ಪುಕಾಗದದಿಂದ ಉಜ್ಜಬಾರದು, ಹೀಟ್ ಗನ್ನಿನಿಂದ ಸುಡಲೂಬಾರದು. ನೀರು ಚಿಮುಕಿಸಿ ಒದ್ದೆಯಿರುವಾಗಲೇ ಕೆರೆದು, ಬಿದ್ದ ಸಿಪ್ಪೆಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಚೀಲದಲ್ಲಿ ಕಟ್ಟಿಡಬೇಕು. ಮಕ್ಕಳಿರುವ ಮನೆಯ ಅಂಗಳ ಈ ಕೆಲಸಕ್ಕೆ ತಕ್ಕ ಜಾಗವಲ್ಲ. ಬಣ್ಣವೆಲ್ಲ ಹೋದ ಮೇಲೂ ಕಟ್ಟಿಗೆಯ ಧೂಳು ನಿರುಪದ್ರವಿಯಲ್ಲ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕಟ್ಟಿಗೆಯ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ಗುಂಪಿನಲ್ಲಿಟ್ಟಿದೆ. ಮೂಗಿಗೆ ಕಟ್ಟಿಕೊಂಡ ಟವೆಲ್ ಆ ನುಣುಪು ಪುಡಿಯನ್ನು ತಡೆಯುವುದಿಲ್ಲ. ಎನ್95 ಮುಖಗವಸು ಬೇಕು.

ತಗಡಿನ ಕೆಲಸಕ್ಕೆ ಗೋಕುಲ ರಸ್ತೆಯ ಕೈಗಾರಿಕಾ ವಸಾಹತುವಿನ ಒಂದು ಫ್ಯಾಬ್ರಿಕೇಶನ್ ಅಂಗಡಿಯನ್ನು ಆಶ್ರಯಿಸಿದೆ. ನಕ್ಷೆಯನ್ನು ಹರಡಿ ಹೊರ ಹೊದಿಕೆಯ ಅಂದವನ್ನು ವಿವರಿಸತೊಡಗಿದಾಗ ಅಲ್ಲಿನ ಹಿರಿಯ ಮಿಸ್ತ್ರಿ ಕೇಳಿದ್ದು ಒಂದೇ ಮಾತು: "ಹೊದಿಕಿ ಆಮ್ಯಾಲ ನೋಡೂಣ್ರಿ ಸರ, ಮೊದಲ ಅರ್ಥ್ ಎಲ್ಲಿ ಕೊಡ್ತೀರಿ ಹೇಳ್ರಿ." ಕಂಪ್ಯೂಟರಿನ ಒಳಗನ್ನು ಅವರು ಎಂದೂ ಬಿಚ್ಚಿ ನೋಡಿದವರಲ್ಲ, ವೆಲ್ಡಿಂಗ್ ಮಷೀನಿನ ನಡುವೆ ಬದುಕಿದ ಮನುಷ್ಯನಿಗೆ ಬೇರೆ ಪ್ರಶ್ನೆ ಮೊದಲು ಹೊಳೆಯುವುದಾದರೂ ಹೇಗೆ? ಜಿ.ಐ. (ಸತುವಿನ ಲೇಪದ) ತಗಡು ತುಕ್ಕು ಹಿಡಿಯುವುದಿಲ್ಲವೆಂದು ಅದನ್ನೇ ಆರಿಸುವವರಿದ್ದಾರೆ. ಆದರೆ ಅದಕ್ಕೆ ವೆಲ್ಡಿಂಗ್ ಮಾಡಿದರೆ ಮೇಲಿನ ಸತುವು ಹೊಗೆಯಾಗಿ ಏಳುತ್ತದೆ. ಆ ಹೊಗೆ ಕುಡಿದವರಿಗೆ ಅಂದೇ ರಾತ್ರಿ ಚಳಿಜ್ವರ ಬರುವುದುಂಟು. ನಾನು ಸಿ.ಆರ್. ತಗಡನ್ನೇ ತೆಗೆದುಕೊಂಡು, ವೆಲ್ಡಿಂಗನ್ನು ಪೂರ್ತಿ ಬಿಟ್ಟು, ಮೂಲೆಗಳನ್ನು ಪಾಪ್ ರಿವೆಟ್ಟಿನಿಂದ ಕೂಡಿಸಿದೆ.

ಮಡಿಕೆಯ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. 1.2 ಮಿ.ಮೀ. ತಗಡನ್ನು ಬೆಂಡಿಂಗ್ ಮಷೀನಿನಲ್ಲಿ ಲಂಬವಾಗಿ ಮಡಿಸಿದಾಗ ಹೊರಅಳತೆಗಳ ಮೊತ್ತಕ್ಕಿಂತ ಬಿಡಿಸಿದ ತಗಡು ಪ್ರತಿ ಮಡಿಕೆಗೂ ಸುಮಾರು 2 ಮಿ.ಮೀ. ಕಡಿಮೆ ಇರಬೇಕಾಗುತ್ತದೆ. ಎರಡು ಮಡಿಕೆಯ ತೊಟ್ಟಿಯಲ್ಲಿ ಇದನ್ನು ಬಿಟ್ಟರೆ 4 ಮಿ.ಮೀ. ವ್ಯತ್ಯಾಸ ಬಂದು ಬೋರ್ಡಿನ ಕಿಂಡಿಗಳು ಕಿಟಕಿಯ ಅಂಚಿಗೆ ಹೊಡೆಯುತ್ತವೆ. ಪ್ರತಿ ಮಷೀನಿನ ಅಚ್ಚಿಗೂ ಈ ಸಂಖ್ಯೆ ತುಸು ಬದಲಾಗುವುದರಿಂದ, ಅದೇ ತಗಡಿನ 100 ಮಿ.ಮೀ. ಪಟ್ಟಿಯೊಂದನ್ನು ಮಧ್ಯಕ್ಕೆ ಮಡಿಸಿ, ಎರಡೂ ತೋಳುಗಳನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆದು ಲೆಕ್ಕ ಗಟ್ಟಿ ಮಾಡಿಕೊಂಡೆ.

ಹಿಂಬದಿಯ ಫಲಕವನ್ನು ಮಾತ್ರ ಕೈಯಿಂದ ಕತ್ತರಿಸದೆ ಲೇಸರ್ ಕಟಿಂಗಿಗೆ ಕೊಟ್ಟೆ. ಇಲ್ಲಿ ಹಣ ಉಳಿಸುವುದು ಜಾಣತನವಲ್ಲ. ಕಿಂಡಿಗಳ ಕಿಟಕಿ 158.75 × 44.45 ಮಿ.ಮೀ. ಇರಬೇಕು, ಕಾರ್ಡುಗಳ ಸ್ಲಾಟುಗಳ ನಡುವಿನ ಅಂತರ 20.32 ಮಿ.ಮೀ.; ಹಿಂದಿನ ಫ್ಯಾನಿನ ತೂತುಗಳ ಅಂತರ 82.5, ಮುಂದಿನ 140 ಮಿ.ಮೀ. ಫ್ಯಾನಿನದು 124.5. ಇವುಗಳಲ್ಲಿ ಸ್ಲಾಟಿನ ಅಳತೆ ಅರ್ಧ ಮಿ.ಮೀ. ತಪ್ಪಿದರೂ ಗ್ರಾಫಿಕ್ಸ್ ಕಾರ್ಡ್ ಓರೆಯಾಗಿ ಕೂತು, ಅದರ ಭಾರವೆಲ್ಲ ಬೋರ್ಡಿನ ಸ್ಲಾಟಿನ ಮೇಲೆ ಬೀಳುತ್ತದೆ.

ಬೋರ್ಡಿನ ತೂತುಗಳಿಗೆ ಮಾದರಿಯಾಗಿ ರಿಪೇರಿ ಅಂಗಡಿಯಿಂದ ಅದೇ ಗಾತ್ರದ ಸತ್ತ ಮದರ್‌ಬೋರ್ಡನ್ನು ತಂದೆ. ಕಾಗದದ ಮೇಲೆ ಮುದ್ರಿಸಿದ ನಕ್ಷೆಗಿಂತ ಇದು ಮೇಲು, ಏಕೆಂದರೆ ಪ್ರಿಂಟರ್ ಪುಟಕ್ಕೆ ಹೊಂದಿಸಲೆಂದು ಅಳತೆಯನ್ನು ತಾನೇ ಕುಗ್ಗಿಸಿಬಿಡುತ್ತದೆ. ಬೋರ್ಡನ್ನು ತಗಡಿನ ಮೇಲಿಟ್ಟು, ಮೂಲೆಮಟ್ಟದಿಂದ ಹಿಂಬದಿಯ ಅಂಚಿಗೆ ಲಂಬವಾಗಿದೆಯೇ ಎಂದು ನೋಡಿ, ತೂತಿನ ಮಧ್ಯಕ್ಕೆ ಸೆಂಟರ್ ಪಂಚ್ ಹೊಡೆದೆ. ತಗಡಿಗೇ ಮರೆ (ಸ್ಕ್ರೂ ತಿರುಗಿ ಕೂರುವ ಸುರುಳಿ ಗೆರೆ) ಕೊರೆಯುವ ಆಸೆಯನ್ನು ಬಿಡಬೇಕು: ಎಂ3, ಅಂದರೆ 3 ಮಿ.ಮೀ. ವ್ಯಾಸದ ಸ್ಕ್ರೂವಿನ ಮರೆಯ ಅಂತರ 0.5 ಮಿ.ಮೀ. ಆದ್ದರಿಂದ 1.2 ಮಿ.ಮೀ. ದಪ್ಪದಲ್ಲಿ ಎರಡಕ್ಕಿಂತ ಸ್ವಲ್ಪ ಹೆಚ್ಚು ಸುತ್ತು ಮಾತ್ರ ಸಿಗುತ್ತವೆ, ಕೆಲವು ಸಲ ಬಿಗಿದರೆ ಕಿತ್ತುಬರುತ್ತವೆ. 3.2 ಮಿ.ಮೀ. ತೂತು ಕೊರೆದು, ಹಿತ್ತಾಳೆಯ 6.5 ಮಿ.ಮೀ. ಎತ್ತರದ ಸ್ಟ್ಯಾಂಡಾಫನ್ನು (ಬೋರ್ಡನ್ನು ತಗಡಿನಿಂದ ಮೇಲೆ ಹಿಡಿಯುವ ಗಿಡ್ಡ ಕಂಬವನ್ನು) ಹಿಂದಿನಿಂದ ನಟ್ಟಿನಿಂದ ಬಿಗಿದೆ. ಬೋರ್ಡಿನಲ್ಲಿ ತೂತಿಲ್ಲದ ಜಾಗದಲ್ಲಿ ಸ್ಟ್ಯಾಂಡಾಫ್ ನಿಂತಿದ್ದರೆ ಅದು ಬೋರ್ಡಿನ ಬೆನ್ನಿನ ಬೆಸುಗೆಗೆ ತಾಗಿ ಶಾರ್ಟ್ ಮಾಡುತ್ತದೆ. ಸ್ಕ್ರೂ ಬಿಗಿಯುವ ಮೊದಲು ಒಂದೊಂದನ್ನೂ ಎಣಿಸಿ ನೋಡುವುದು ಅಗತ್ಯ.

ಡ್ರಿಲ್ ಮತ್ತು ಗ್ರೈಂಡರ್ ಕುರಿತು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ತೆಳು ತಗಡನ್ನು ಕೈಯಲ್ಲಿ ಹಿಡಿದು ಡ್ರಿಲ್ ಮಾಡುವಾಗ, ಬಿಟ್ ಆಚೆ ಹೊರಬೀಳುವ ಕ್ಷಣದಲ್ಲಿ ಅದು ತಗಡನ್ನು ಕಚ್ಚಿ ಗರಗರ ತಿರುಗಿಸುತ್ತದೆ, ಆಗ ಅಂಚು ಮಣಿಕಟ್ಟನ್ನು ಕೊಯ್ಯುತ್ತದೆ. ಕೆಳಗೆ ಕಟ್ಟಿಗೆಯ ತುಂಡನ್ನಿಟ್ಟು, ಎರಡೂ ಕಡೆ ಕ್ಲ್ಯಾಂಪ್ ಹಾಕಿದ ಮೇಲೆಯೇ ಬಿಟ್ ಇಳಿಸಬೇಕು. ತಗಡನ್ನು ಎತ್ತಿಡುವಾಗ ಕೈಗವಸು ಬೇಕೇ ಬೇಕು, ತಿರುಗುವ ಡ್ರಿಲ್ಲಿನ ಮುಂದೆ ಅದೇ ಕೈಗವಸು ಶತ್ರು. ದಾರದ ಎಳೆಯೊಂದು ಬಿಟ್ಟಿಗೆ ಸಿಕ್ಕರೆ ಬೆರಳೂ ಹಿಂದೆಯೇ ಹೋಗುತ್ತದೆ. ಕೊರಳಿನ ಸರ, ಕೈಗೆ ಕಟ್ಟಿದ ದಾರ, ಹೆಗಲ ಮೇಲಿನ ಟವೆಲ್ ಇವಕ್ಕೂ ಇದೇ ಮಾತು. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಸುಮಾರು ತಿರುಗುತ್ತದೆ, ಅದರ ಕಟಿಂಗ್ ಚಕ್ರದ ಮೇಲೆ ಸಾಮಾನ್ಯವಾಗಿ 15,200ರ ಸುಮಾರಿನ ಮಿತಿಯನ್ನು ಮುದ್ರಿಸಿರುತ್ತಾರೆ. ಆ ಅಂಕಿಯನ್ನೂ ಚಕ್ರದ ಅವಧಿ ಮುಗಿಯುವ ದಿನಾಂಕವನ್ನೂ ನೋಡದೆ ಹಾಕಬಾರದು. ಗಾರ್ಡ್ ಕಳಚಿಟ್ಟು ಕೆಲಸ ಮಾಡುವುದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ. ಒಡೆದ ಚಕ್ರದ ಚೂರಿಗೂ ಮುಖಕ್ಕೂ ನಡುವೆ ಇರುವುದು ಆ ಗಾರ್ಡ್ ಒಂದೇ ಎಂಬುದನ್ನು ರೂಢಿ ಮರೆಸುತ್ತದೆ. ಕಣ್ಣಿಗೆ ಬದಿ ಮುಚ್ಚಿದ ಕನ್ನಡಕ, ಕಾಲಿಗೆ ಚಪ್ಪಲಿಯ ಬದಲು ಬೂಟು ಇರಲಿ. ಗ್ರೈಂಡರಿನ ಕಿಡಿ ಬೀಳುವ ಮೂಲೆಯಲ್ಲಿ ಕಟ್ಟಿಗೆಯ ಹೊಟ್ಟು ಇರಲೇಕೂಡದು, ಆದ್ದರಿಂದ ತಗಡಿನ ಕೆಲಸ ಪೂರ್ತಿ ಮುಗಿಯುವವರೆಗೆ ನಾನು ಹಲಗೆಗಳನ್ನು ಆ ಜಾಗಕ್ಕೆ ತರಲೇ ಇಲ್ಲ. ಕತ್ತರಿಸಿದ ಪ್ರತಿ ಅಂಚನ್ನೂ ಅರದಿಂದ ಉಜ್ಜಿ, ಕೇಬಲ್ ಹಾಯುವ ತೂತುಗಳ ಅಂಚಿಗೆ ಗ್ರಾಮೆಟ್ ಎಂಬ ರಬ್ಬರ್ ಬಳೆ ಹಾಕಿದೆ.

ಹಲಗೆಗಳನ್ನು ಚೌಕಟ್ಟಿಗೆ ಕೂಡಿಸುವಾಗ ನೆನಪಿಡಬೇಕಾದ್ದು ಒಂದೇ: ಕಟ್ಟಿಗೆ ಎಳೆಯ ಉದ್ದಕ್ಕೆ ಬೆಳೆಯುವುದಿಲ್ಲವೆನ್ನಬಹುದು, ಅಡ್ಡಕ್ಕೆ ಮಾತ್ರ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಧಾರವಾಡದ ಕಡೆಯ ಜುಲೈ ತಿಂಗಳ ಜಿಟಿಜಿಟಿ ಮಳೆಗೂ ಏಪ್ರಿಲ್ ತಿಂಗಳ ಒಣ ಬಿಸಿಲಿಗೂ ನಡುವೆ ಈ ವ್ಯತ್ಯಾಸ ಹಲಗೆಯನ್ನು ಸೀಳುವಷ್ಟಿರುತ್ತದೆ. ತಗಡಿನಲ್ಲಿ ಉರುಟು ತೂತಿನ ಬದಲು ಎಳೆಗೆ ಅಡ್ಡಲಾಗಿ ಉದ್ದನೆಯ ತೂತು ಬಿಟ್ಟು, ಅಗಲ ವಾಶರ್ ಹಾಕಿ ಒಳಗಿನಿಂದ ಸ್ಕ್ರೂ ಬಿಗಿದಿದ್ದೇನೆ. ಹೊರಮೈಯಲ್ಲಿ ಲೋಹದ ಸ್ಕ್ರೂ ಒಂದೂ ಕಾಣುವುದಿಲ್ಲ, ಕೈಗೂ ಸಿಗುವುದಿಲ್ಲ. ತಗಡಿಗೂ ಹಲಗೆಗೂ ನಡುವೆ 10 ಮಿ.ಮೀ. ಸಂದು ಉಳಿದಿದೆ.

ಚೌಕಟ್ಟಿಗೆ ಪೌಡರ್ ಕೋಟಿಂಗ್ ಮಾಡಿಸಿದೆ. ಈ ಬಣ್ಣದ ಪುಡಿ 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿ ಗಟ್ಟಿಯಾಗುತ್ತದೆ, ಸುಲಭಕ್ಕೆ ಗೀರು ಬೀಳುವುದಿಲ್ಲ. ಅದೇ ಅದರ ತೊಂದರೆಯೂ ಹೌದು, ಏಕೆಂದರೆ ಅದು ಒಳ್ಳೆಯ ವಿದ್ಯುತ್ ನಿರೋಧಕ. ಎಸ್‌ಎಂಪಿಎಸ್ ಕೂರುವ ಜಾಗ, ಸ್ಟ್ಯಾಂಡಾಫಿನ ಬುಡ, ತಗಡುಗಳು ಒಂದಕ್ಕೊಂದು ಸೇರುವ ಅಂಚು, ಅರ್ಥ್ ಬೋಲ್ಟಿನ ಸುತ್ತ, ಇಷ್ಟಕ್ಕೂ ಶಾಖ ತಡೆಯುವ ಟೇಪ್ ಅಂಟಿಸಿಯೇ ಕಳಿಸಿದೆ. ಚೌಕಟ್ಟಿನ ತಳದಲ್ಲಿ ಎಂ5 ಬೋಲ್ಟ್ ಒಂದನ್ನು ಅರ್ಥಿಂಗಿಗೆಂದೇ ಮೀಸಲಿಟ್ಟು, ಅಲ್ಲಿಂದ ಮುಂದಿನ ಫಲಕಕ್ಕೂ ಬಿಚ್ಚಿ ತೆಗೆಯುವ ಬದಿಯ ತಗಡಿಗೂ ಹಸಿರು-ಹಳದಿ ಬಣ್ಣದ 1.5 ಚದರ ಮಿ.ಮೀ. ತಂತಿಯನ್ನು, ಅದರ ತುದಿಗೆ ರಿಂಗ್ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಉಂಗುರ) ಒತ್ತಿ, ಹಲ್ಲಿನ ವಾಶರ್ ಹಾಕಿ ಬಿಗಿದೆ. ಕೀಲಿನ ಮೂಲಕ ಅಥವಾ ಬಣ್ಣ ಬಳಿದ ಸ್ಕ್ರೂವಿನ ಮೂಲಕ ಅರ್ಥಿಂಗ್ ಹೋಗುತ್ತದೆಂದು ನಂಬುವಂತಿಲ್ಲ.

ಅಳೆಯುವುದು ಪ್ಲಗ್ಗನ್ನು ಗೋಡೆಯಿಂದ ಕಿತ್ತ ಮೇಲೆ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಪ್ಲಗ್ಗಿನ ದಪ್ಪ ಪಿನ್ನಿಗೆ, ಇನ್ನೊಂದನ್ನು ಸರದಿಯಂತೆ ಪ್ರತಿ ತಗಡಿಗೆ, ಪ್ರತಿ ಜಾಲರಿಗೆ ಹಿಡಿಯಬೇಕು. ಗುರಿ 0.1 ಓಮ್‌ನ ಆಸುಪಾಸು. ಸಾಮಾನ್ಯ ಮೀಟರಿನ ಕಡ್ಡಿಗಳಿಗೇ ಅದಕ್ಕಿಂತ ಹೆಚ್ಚು ರೋಧವಿರುವುದರಿಂದ ಮೊದಲು ಎರಡೂ ಕಡ್ಡಿಗಳನ್ನು ಕೂಡಿಸಿ ಬಂದ ಅಂಕಿಯನ್ನು ಕಳೆಯಬೇಕು. ಕೆಲವು ಓಮ್ ತೋರಿಸಿದರೆ ಎಲ್ಲೋ ಬಣ್ಣ ಅಡ್ಡ ಬಂದಿದೆ ಎಂದರ್ಥ.

ಪೆಟ್ಟಿಗೆಯ ಅರ್ಥಿಂಗ್ ಸರಿಯಿದ್ದು ಮನೆಯದು ಸರಿಯಿಲ್ಲದಿದ್ದರೆ ಈ ಶ್ರಮವೆಲ್ಲ ವ್ಯರ್ಥ. ಎಸ್‌ಎಂಪಿಎಸ್‌ನ ಒಳಗೆ ಗದ್ದಲ ಸೋಸುವ ಸಣ್ಣ ಕೆಪಾಸಿಟರುಗಳು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಕವಚಕ್ಕೆ ಜೋಡಿಸಿರುತ್ತವೆ. ಅರ್ಥಿಂಗ್ ಇಲ್ಲದಾಗ ಕವಚವು ಅವೆರಡರ ನಡುವೆ, ಅಂದರೆ ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವುದು ಇದರಿಂದಲೇ. ಹರಿಯುವ ವಿದ್ಯುತ್ತು ಚಿಕ್ಕದು, ಇಂಥ ಸಾಧನಗಳಿಗೆ ಅದರ ಮಿತಿಯನ್ನು 3.5 ಮಿಲಿಆಂಪಿಯರ್ ಎಂದು ಇಟ್ಟಿದ್ದಾರೆ. ಆದರೆ ಅದು ಅರ್ಥಿಂಗ್ ಇಲ್ಲವೆಂಬ ಸೂಚನೆಯಾದ್ದರಿಂದ ಉದಾಸೀನ ಮಾಡುವಂತಿಲ್ಲ. ಹುಬ್ಬಳ್ಳಿ, ಗದಗ, ನವಲಗುಂದದ ಎರೆಮಣ್ಣಿನಲ್ಲಿ ಇನ್ನೊಂದು ಸಂಗತಿಯಿದೆ. ಈ ಮಣ್ಣು ಹಸಿಯಿದ್ದಾಗ ಅರ್ಥಿಂಗಿಗೆ ಬಹಳ ಅನುಕೂಲ, ಬೇಸಿಗೆಯಲ್ಲಿ ಬಿರಿದು ಬಾಯ್ಬಿಟ್ಟಾಗ ಅರ್ಥ್ ಪೈಪಿನ ಸುತ್ತಲಿನ ಹಿಡಿತವೇ ತಪ್ಪುತ್ತದೆ. ಮಾರ್ಚಿನಿಂದ ಅರ್ಥ್ ಪೈಪಿನ ಗುಂಡಿಗೆ ಆಗಾಗ ನೀರು ಹಾಕುವ ಹಳೆಯ ಪದ್ಧತಿಗೆ ಗಟ್ಟಿ ಕಾರಣವಿದೆ. ಅರ್ಥ್ ಸಿಗದ ಕಡೆ ಸಾಕೆಟ್ಟಿನ ಒಳಗೆ ನ್ಯೂಟ್ರಲ್ಲಿಗೂ ಅರ್ಥ್ ಪಿನ್ನಿಗೂ ತುಂಡು ತಂತಿ ಕೂಡಿಸಿ ಬಿಡುವವರಿದ್ದಾರೆ. ದಾರಿಯಲ್ಲಿ ನ್ಯೂಟ್ರಲ್ ಕಡಿದ ದಿನ ಕ್ಯಾಬಿನೆಟ್ಟಿನ ಮೈಗೆ ಪೂರ್ತಿ 230 ವೋಲ್ಟ್ ಬರುತ್ತದೆ. ಪರವಾನಗಿ ಇರುವ ವೈರ್‌ಮನ್‌ನನ್ನು ಕರೆಸಿ ಅರ್ಥ್ ಟೆಸ್ಟರಿನಿಂದ ಅಳೆಸಿ, ಮನೆಯ ಮೇನ್ ಬೋರ್ಡಿನಲ್ಲಿ ವಿದ್ಯುತ್ತು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದೆ. ಎರಡು ಪಿನ್ನಿನ ಎಕ್ಸ್‌ಟೆನ್ಶನ್ ಬೋರ್ಡುಗಳನ್ನು ಆ ಕೋಣೆಯಿಂದಲೇ ತೆಗೆದುಹಾಕಿದೆ.

ಎಸ್‌ಎಂಪಿಎಸ್‌ನ ಕವಚವನ್ನು ಬಿಚ್ಚಿ, ಒಳಗಿನ ಸರ್ಕ್ಯೂಟ್ ಬೋರ್ಡನ್ನಷ್ಟೇ ತೆಗೆದು ಜಾಗ ಉಳಿಸಿದವರ ಚಿತ್ರಗಳನ್ನು ನೋಡಿದ್ದೇನೆ. ಅದನ್ನು ಯಾರೂ ಮಾಡಬಾರದು. 230 ವೋಲ್ಟ್ ಎಸಿಯನ್ನು ನೇರಗೊಳಿಸಿದಾಗ ಸುಮಾರು 325 ವೋಲ್ಟ್ ಡಿಸಿ ಆಗುತ್ತದೆ, ಪವರ್ ಫ್ಯಾಕ್ಟರ್ ತಿದ್ದುವ ಮಾದರಿಗಳಲ್ಲಿ ಅದು 380ನ್ನು ದಾಟುತ್ತದೆ, ಮತ್ತು ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ಅದು ಉಳಿದಿರಬಹುದು.

ಕಂಪ್ಯೂಟರನ್ನು ಚಾಲೂ ಮಾಡುವ ಮುಂಬದಿಯ ಗುಂಡಿಯ ವಿಷಯದಲ್ಲಿ ಇಷ್ಟು ಭಯ ಬೇಕಿಲ್ಲ. ಎಟಿಎಕ್ಸ್‌ನಲ್ಲಿ ಆ ಗುಂಡಿ 5 ವೋಲ್ಟಿನ ಅಥವಾ ಅದಕ್ಕಿಂತ ಕಡಿಮೆಯ ಸಂಕೇತವನ್ನು ಮುಚ್ಚಿ ಬಿಡುತ್ತದೆ, ಅಷ್ಟೆ; ಒತ್ತಿ ಬಿಟ್ಟರೆ ಹಿಂದಕ್ಕೆ ಬರುವ ಯಾವ ಗುಂಡಿಯಾದರೂ ಆದೀತು. ಅದಕ್ಕೂ ಹಿಂದಿನ ಎಟಿ ಕಾಲದ ಕ್ಯಾಬಿನೆಟ್ಟುಗಳಲ್ಲಿ ಮಾತ್ರ ಮನೆಯ ವಿದ್ಯುತ್ತೇ ಮುಂಭಾಗದ ಸ್ವಿಚ್ಚಿನವರೆಗೆ ಬರುತ್ತಿತ್ತು. ಗುಜರಿಯಲ್ಲಿ ಅಂಥ ಕ್ಯಾಬಿನೆಟ್ ಸಿಕ್ಕರೆ ಅದರ ಸ್ವಿಚ್ಚನ್ನೂ ತಂತಿಯನ್ನೂ ಬಳಸಬಾರದು.

ಇನ್ನು ಧೂಳು. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಇಟ್ಟವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂದೆ ಗಾಜು ಮುಚ್ಚಿ, ಬದಿಯ ಸಣ್ಣ ಸೀಳಿನಿಂದ ಗಾಳಿ ಎಳೆಯುವ ಈಗಿನ ಫ್ಯಾಶನ್ನಿನ ಕ್ಯಾಬಿನೆಟ್ಟುಗಳು ನಮ್ಮ ಹವೆಗೆ ಹೇಳಿ ಮಾಡಿಸಿದವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಳಬರುವ ಗಾಳಿ ಹೆಚ್ಚಿದ್ದರೆ ಒಳಗಿನ ಒತ್ತಡ ಹೊರಗಿಗಿಂತ ತುಸು ಮೇಲಿದ್ದು, ಸಂದುಗೊಂದುಗಳಿಂದ ಗಾಳಿ ಹೊರಕ್ಕೇ ಹೋಗುತ್ತದೆ. ಧೂಳು ಬರುವುದು ಜಾಲರಿಯ ಮೂಲಕ ಮಾತ್ರ. ಮುಂದಿನ ಎರಡು ಫ್ಯಾನುಗಳ ಎದುರು ಮತ್ತು ಎಸ್‌ಎಂಪಿಎಸ್‌ನ ಕೆಳಗೆ ಎಳೆದು ತೆಗೆಯಬಹುದಾದ ನೈಲಾನ್ ಜಾಲರಿಯ ಚೌಕಟ್ಟುಗಳನ್ನಿಟ್ಟಿದ್ದೇನೆ. ತಳಕ್ಕೆ ಗಾಳಿ ಸಿಗಲೆಂದು ಕಾಲುಗಳನ್ನು 25 ಮಿ.ಮೀ. ಎತ್ತರ ಮಾಡಿದೆ. ಹೊರಗಿನ ಯಾವ ತೆರಪೂ 5 ಮಿ.ಮೀ. ಮೀರಿಲ್ಲ: ಮಕ್ಕಳ ಬೆರಳು ಫ್ಯಾನಿಗೆ ಸಿಗಬಾರದು, ಹಲ್ಲಿ ಒಳಸೇರಿ ಬೋರ್ಡಿನ ಮೇಲೆ ಸಾಯಬಾರದು.

ಜೋಡಣೆಗೆ ಮೊದಲು ಚೌಕಟ್ಟನ್ನು ಸೋಪಿನ ನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಮೂಲೆಗಳಲ್ಲಿ ಅಯಸ್ಕಾಂತ ಆಡಿಸಿ ಕಬ್ಬಿಣದ ಪುಡಿಯನ್ನು ತೆಗೆದೆ. ಅರದ ಒಂದು ಚೂರು ಸಾಕು, ಬೋರ್ಡಿನ ಚಿಪ್ಪಿನ ಎರಡು ಪಿನ್ನುಗಳನ್ನು ಕೂಡಿಸಿಬಿಡಲು. ಬೋರ್ಡ್ ಕೂರಿಸಿದ ಮೇಲೆ ತಗಡಿಗೆ ಇನ್ನೊಂದು ತೂತು ಬೇಕೆನಿಸಿದರೆ ಬೋರ್ಡನ್ನು ಹೊರಗೆ ತೆಗೆದೇ ಕೊರೆಯಬೇಕು. ಬೋರ್ಡ್, ಪ್ರೊಸೆಸರ್, ಮೆಮೊರಿಯನ್ನು ಮೊದಲು ರಟ್ಟಿನ ಮೇಲೆ ಚಾಲೂ ಮಾಡಿ ನೋಡಿ, ಆಮೇಲೆ ಒಳಗೆ ಹಾಕಿದೆ. ಬದಿ ಮುಚ್ಚಿ, ಪ್ರೈಮ್95 ಎಂಬ ತಂತ್ರಾಂಶದಿಂದ ಪೂರ್ಣ ಹೊರೆ ಕೊಟ್ಟಾಗ, ಕೋಣೆಯ ಉಷ್ಣತೆ 33 ಡಿಗ್ರಿ ಇದ್ದು ಪ್ರೊಸೆಸರ್ 77ಕ್ಕೆ ನಿಂತಿತು. ಕೋಣೆ ಎಷ್ಟು ಏರುತ್ತದೋ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ, ಆದ್ದರಿಂದ ಏಪ್ರಿಲ್‌ನ 39 ಡಿಗ್ರಿಗೆ 83ರ ಸುಮಾರು ಎಂದು ಲೆಕ್ಕ ಹಾಕಿ, ಫ್ಯಾನಿನ ವೇಗವನ್ನು ಅದಕ್ಕೆ ತಕ್ಕಂತೆ ಹೊಂದಿಸಿದೆ. ಹೊರೆ ಇರುವಾಗಲೇ ಹಲಗೆಯ ಒಳಮೈಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನೋಡಿದೆ. ಕೋಣೆಗಿಂತ 6 ಡಿಗ್ರಿ ಹೆಚ್ಚಿತ್ತು.

ಉಳಿದಿರುವುದು ನಿರ್ವಹಣೆ. ಜಾಲರಿ ತೊಳೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದೇ ಬ್ಲೋವರ್ ಹಿಡಿಯಬೇಕು. ಮಳೆಗಾಲ ಮುಗಿದ ಮೇಲೊಮ್ಮೆ, ಬೇಸಿಗೆಯ ನಡುವೆ ಇನ್ನೊಮ್ಮೆ ಹಲಗೆಯ ಸ್ಕ್ರೂಗಳನ್ನು ನೋಡಿ, ಹಲ್ಲಿನ ವಾಶರುಗಳನ್ನು ಬಿಗಿದು, ಪ್ಲಗ್ಗಿನ ಪಿನ್ನಿನಿಂದ ಪ್ರತಿ ತಗಡಿಗೆ ಓಮ್ ಅಳೆದು, ಬದಿಯ ತಗಡಿನ ಒಳಮೈಗೆ ಅಂಟಿಸಿದ ಚೀಟಿಯಲ್ಲಿ ದಿನಾಂಕದೊಂದಿಗೆ ಬರೆದಿಡುತ್ತೇನೆ.